ಫಂಕ್ಷನ್ ಹಾಲ್‌ನ ಹಿಂದಿನ ಬಾಗಿಲು: ಗೃಹ ಸಚಿವರಿಗೆ ಬಳ್ಳಾರಿಯಿಂದ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಗೃಹ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ಪ್ರತಿ: ನಗರಾಭಿವೃದ್ಧಿ, ಪೌರಾಡಳಿತ ಹಾಗೂ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಿಗೆ, ಬಳ್ಳಾರಿ, ರಾಯಚೂರು ಮತ್ತು ಕೊಪ್ಪಳ ಜಿಲ್ಲಾಧಿಕಾರಿಗಳಿಗೆ.

ವಿಷಯ: ಮದುವೆ ಹಾಲ್‌ಗಳ ಬೆಂಕಿ ಸುರಕ್ಷತೆಗೆ ಗಡಿಯ ಆಚೆ ಒಂದು ನಿಯಮ, ಈಚೆ ಇನ್ನೊಂದು ನಿಯಮ ಇರುವ ಬಗ್ಗೆ.

ಮಾನ್ಯರೇ,

ನಮಸ್ಕಾರ. ನಾನು ಬಳ್ಳಾರಿಯಲ್ಲಿ ಶಾಮಿಯಾನ, ಸ್ಟೇಜ್ ಡೆಕೋರೇಷನ್ ಮತ್ತು ಲೈಟಿಂಗ್ ಕೆಲಸ ಮಾಡುವವನು. ಮದುವೆ, ಸೀಮಂತ, ಗೃಹಪ್ರವೇಶ, ರಾಜಕೀಯ ಸಭೆ, ಯಾವುದಾದರೂ ಸರಿ, ಕರೆದವರ ಮನೆಗೆ ಹೋಗುತ್ತೇವೆ. ನಮ್ಮ ಗಿರಾಕಿಗಳಿಗೆ ರಾಜ್ಯದ ಗಡಿ ಲೆಕ್ಕಕ್ಕಿಲ್ಲ. ಸಿರುಗುಪ್ಪದ ಹುಡುಗಿ, ಆದೋನಿಯ ಹುಡುಗ. ರಾಯಚೂರಿನ ಮನೆತನ, ಗದ್ವಾಲದ ಬೀಗರು. ಪತ್ರಿಕೆ ಒಂದು ಕಡೆ ಕನ್ನಡದಲ್ಲಿ, ಇನ್ನೊಂದು ಕಡೆ ತೆಲುಗಿನಲ್ಲಿ. ನಮ್ಮ ಲಗೇಜ್ ಗಾಡಿ ಇವತ್ತು ಕುರುಗೋಡಿನಲ್ಲಿದ್ದರೆ ನಾಳೆ ಗುಂತಕಲ್ಲಿನಲ್ಲಿ, ನಾಡಿದ್ದು ಗಂಗಾವತಿಯಲ್ಲಿ. ಹೀಗಾಗಿ ಗಡಿಯ ಎರಡೂ ಕಡೆಯ ಹಾಲ್‌ಗಳನ್ನು ಒಳಗಿನಿಂದ, ಏಣಿ ಮೇಲೆ ನಿಂತು ನೋಡಿದ್ದೇನೆ. ಈ ಪತ್ರ ಆ ಅನುಭವದ ಮೇಲೆ ಬರೆದದ್ದು.

ಈ ಗಡಿ ಹಳೆಯದೂ ಅಲ್ಲ ಸ್ವಾಮಿ. 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಆಗುವ ತನಕ ಆದೋನಿ, ಆಲೂರು, ರಾಯದುರ್ಗ ಎಲ್ಲ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಆ ಮೂರು ತಾಲ್ಲೂಕು ಆ ಕಡೆ ಹೋದವು, ನಾವು ಮೈಸೂರಿಗೆ ಬಂದೆವು. ರಾಯಚೂರು, ಕೊಪ್ಪಳದವರು 1956ರ ತನಕ ಹೈದರಾಬಾದ್ ರಾಜ್ಯದಲ್ಲಿದ್ದರು. ನೆಂಟಸ್ತನ ಹಾಗೇ ಉಳಿಯಿತು, ಊಟದ ಮೆನು ಕೂಡ ಹಾಗೇ ಉಳಿಯಿತು. ಕಾನೂನು ಮಾತ್ರ ಬೇರೆ ಬೇರೆ ಆಯಿತು. ಬೇರೆ ಬೇರೆ ಆಗಲಿ, ತಕರಾರಿಲ್ಲ. ಒಂದು ಹಾಲ್‌ನಲ್ಲಿ ಸಾವಿರ ಜನ ಸೇರಿದಾಗ ಅವರ ಜೀವಕ್ಕೆ ಎಷ್ಟು ಕಾವಲು ಬೇಕು ಅನ್ನುವ ವಿಷಯದಲ್ಲೂ ಬೇರೆ ಆಗಿರುವುದಕ್ಕೆ ನನ್ನ ತಕರಾರು.

ಆಂಧ್ರದಲ್ಲಿ ಏನಿದೆ ಹೇಳುತ್ತೇನೆ. ಅಲ್ಲಿ 1999ರ ಅಗ್ನಿಶಾಮಕ ಸೇವಾ ಕಾಯ್ದೆ ಇದೆ. 2014ರಲ್ಲಿ ರಾಜ್ಯ ಎರಡಾದ ಮೇಲೆ ತೆಲಂಗಾಣವೂ ಅದನ್ನೇ ಇಟ್ಟುಕೊಂಡಿತು. ವಾಸದ ಮನೆಗಳ ಕಟ್ಟಡ 18 ಮೀಟರ್ ದಾಟಿದರೆ, ವಾಣಿಜ್ಯ ಕಟ್ಟಡ 15 ಮೀಟರ್ ದಾಟಿದರೆ ಅಗ್ನಿಶಾಮಕ ಇಲಾಖೆಯ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ, ಬೇಕು. ಇಷ್ಟೇ ಆಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಅಲ್ಲಿ ಇನ್ನೊಂದು ಸಾಲಿದೆ. ಜನ ಗುಂಪಾಗಿ ಸೇರುವ ಜಾಗ, ಅಂದರೆ ಶಾಲೆ, ಸಿನಿಮಾ ಮಂದಿರ, ಫಂಕ್ಷನ್ ಹಾಲ್, ಪೂಜಾಸ್ಥಳ, ಇವುಗಳ ನಿವೇಶನ 500 ಚದರ ಮೀಟರ್ ಇದ್ದರೆ ಅಥವಾ ಎತ್ತರ 6 ಮೀಟರ್ ಮುಟ್ಟಿದರೆ ಎನ್‌ಒಸಿ ಬೇಕೇ ಬೇಕು. ಫಂಕ್ಷನ್ ಹಾಲ್ ಅಂತ ಹೆಸರು ಹಿಡಿದೇ ಬರೆದಿದ್ದಾರೆ. 6 ಮೀಟರ್ ಅಂದರೆ ಎರಡು ಅಂತಸ್ತು ಅಷ್ಟೇ. ಯಾವ ಹಾಲೂ ಇದರಿಂದ ತಪ್ಪಿಸಿಕೊಳ್ಳಲಾರದು.

ಈಗ ನಮ್ಮ ಕಡೆ ಬನ್ನಿ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರಲ್ಲಿ 15 ಮೀಟರ್ ಮುಟ್ಟಿದ ಕಟ್ಟಡವನ್ನು ಎತ್ತರದ ಕಟ್ಟಡ ಅಂತ ಕರೆದಿದ್ದಾರೆ. ನಮ್ಮ ರಾಜ್ಯ ಅದನ್ನು 21 ಮೀಟರಿಗೆ ಏರಿಸಿಕೊಂಡಿದೆ. ಸುಮಾರು ಏಳು ಅಂತಸ್ತು. ಬಳ್ಳಾರಿ, ಸಿಂಧನೂರು, ಕಾರಟಗಿ, ಕುಷ್ಟಗಿ, ಎಲ್ಲಿ ಬೇಕಾದರೂ ಹುಡುಕಿ, ಏಳು ಅಂತಸ್ತಿನ ಮದುವೆ ಹಾಲ್ ತೋರಿಸಿ ನೋಡೋಣ. ಕೆಳಗೆ ಊಟ, ಮೇಲೆ ಮುಹೂರ್ತ, ಪಕ್ಕದಲ್ಲಿ ಅಡುಗೆ, ಮುಗಿಯಿತು. ನಿಯಮ ಬರೆದವರ ಕಣ್ಣು ಬೆಂಗಳೂರಿನ ಗಾಜಿನ ಕಟ್ಟಡಗಳ ಮೇಲಿತ್ತು ಅಂತ ನನಗೆ ಅನ್ನಿಸುತ್ತದೆ. 2010ರ ಫೆಬ್ರವರಿಯಲ್ಲಿ ಅಲ್ಲಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದ ಬೆಂಕಿಯಲ್ಲಿ 9 ಜನ ಸತ್ತದ್ದು ಸಣ್ಣ ವಿಷಯವೇನಲ್ಲ, ಆ ಭಯ ಸಹಜ. ಆದರೆ 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯಲ್ಲಿ, ತಮಿಳುನಾಡಿನ ಗಡಿಗೆ ಅಂಟಿಕೊಂಡೇ, ಪಟಾಕಿ ಮಳಿಗೆ ಹೊತ್ತಿ 14ಕ್ಕೂ ಹೆಚ್ಚು ಜನ ಸತ್ತರಲ್ಲ, ಅದು ಎತ್ತರದ ಕಟ್ಟಡವೇ? ಜನ ಸಾಯೋದು ಕಟ್ಟಡದ ಎತ್ತರದಿಂದ ಅಲ್ಲ. ಒಳಗೆ ಏನು ತುಂಬಿದ್ದಾರೆ, ಹೊರಗೆ ಹೋಗಲು ದಾರಿ ಎಷ್ಟಿದೆ, ಇದರ ಮೇಲೆ.

ನಾನು ಕಣ್ಣಾರೆ ಕಂಡದ್ದನ್ನು ಹೇಳಬೇಕು. ಹಾಲ್‌ನ ಹೆಸರು ಬೇಡ, ಊರೂ ಬೇಡ, ನಮ್ಮ ಜಿಲ್ಲೆಯದೇ. ಒಂದು ರಿಸೆಪ್ಷನ್. ಸ್ಟೇಜ್ ನಮ್ಮದು. ಹಾಲ್‌ನ ಸೀಲಿಂಗ್‌ಗೆ ಇಳಿಬಿಟ್ಟ ನೆಟ್ ಬಟ್ಟೆ, ಅದು ಹಾಲ್‌ನವರದೇ, ವರ್ಷಾನುಗಟ್ಟಲೆ ಅಲ್ಲೇ ಧೂಳು ಹಿಡಿದು ಕೂತದ್ದು. ಮದುಮಕ್ಕಳು ಸ್ಟೇಜಿಗೆ ಬರುವಾಗ ಎರಡೂ ಬದಿ ಕಿಡಿ ಚಿಮ್ಮಿಸುವ ಮಷಿನ್ ಇಟ್ಟಿದ್ದರು, ಈಗ ಎಲ್ಲಾ ಮದುವೆಯಲ್ಲೂ ಅದೇ ಫ್ಯಾಷನ್. ಕೋಲ್ಡ್ ಪೈರೋ ಅಂತಾರೆ, ತಣ್ಣಗಿನ ಬೆಂಕಿಯಂತೆ. ಒಂದು ಮಷಿನ್ ವಾಲಿತು. ಕಿಡಿ ನೆಟ್‌ಗೆ ತಾಗಿತು. ನೈಲಾನ್ ಬಟ್ಟೆ ಸುಡುವುದನ್ನು ಹತ್ತಿರದಿಂದ ನೋಡದವರಿಗೆ ಹೇಳುತ್ತೇನೆ: ಅದು ಹತ್ತಿಯ ಹಾಗೆ ಬೂದಿಯಾಗುವುದಿಲ್ಲ. ಕರಗುತ್ತದೆ. ಉರಿಯುತ್ತಲೇ ತೊಟ್ಟು ತೊಟ್ಟಾಗಿ ಕೆಳಗೆ ಬೀಳುತ್ತದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಒಂದು ಮಗುವಿನ ಮೊಣಕೈಗೆ ಅಂಥ ಒಂದು ತೊಟ್ಟು ಬಿತ್ತು. ತಾಯಿ ಒರೆಸಲು ಹೋದರೆ ಚರ್ಮದ ಜೊತೆಗೇ ಬಂತು.

ನಮ್ಮ ಹುಡುಗರು ಬೊಂಬಿನ ತುದಿಯ ಕೊಕ್ಕೆಯಿಂದ ಬಟ್ಟೆ ಎಳೆದು ಕೆಡವಿದರು. ಅಡುಗೆಯವರು ಗೋಣಿಚೀಲ ನೆನೆಸಿ ತಂದರು. ಗೋಡೆಯ ಮೇಲೆ ಕೆಂಪು ಸಿಲಿಂಡರ್ ಇತ್ತು. ಇಳಿಸಿ ನೋಡಿದರೆ ಮುಳ್ಳು ಕೆಂಪು ಗೆರೆಯಲ್ಲಿ ನಿಂತಿದೆ, ಪಿನ್ ಮೇಲೆ ಸುಣ್ಣಬಣ್ಣ ಬಳಿದು ಬಣ್ಣವೇ ಅಂಟಾಗಿ ಹಿಡಿದಿದೆ. ಜನ ಎದ್ದು ಓಡಿದರು. ಮುಂಬಾಗಿಲಲ್ಲಿ ಹೂವಿನ ಕಮಾನು, ಅದರ ಎರಡು ಕಾಲಿನ ನಡುವೆ ಇಬ್ಬರು ಹೋಗಬಹುದಾದಷ್ಟು ಜಾಗ. ಹಿಂದಿನ ಬಾಗಿಲಿಗೆ ಕೊಲ್ಯಾಪ್ಸಿಬಲ್ ಗೇಟ್, ಅದಕ್ಕೆ ಬೀಗ. ಕೀ ಮ್ಯಾನೇಜರ್ ಹತ್ತಿರ. ಮ್ಯಾನೇಜರ್ ಐಸ್‌ಕ್ರೀಮ್ ತರಲು ಹೋಗಿದ್ದ. ಒಬ್ಬ ಅಜ್ಜಿ ಬಿದ್ದು ಕೈ ಮುರಿದುಕೊಂಡರು. ಯಾರೂ ಸಾಯಲಿಲ್ಲ. ಸಾಯಲಿಲ್ಲ ಅಂದಮೇಲೆ ಅದು ಸುದ್ದಿಯೂ ಆಗಲಿಲ್ಲ. ಅರ್ಧ ಗಂಟೆಯಲ್ಲಿ ಫೋಟೋ ಸೆಷನ್ ಮತ್ತೆ ಶುರುವಾಯಿತು.

ಹಿಂದಿನ ಬಾಗಿಲಿಗೆ ಯಾಕೆ ಬೀಗ ಅಂತ ಕೇಳಿದೆ. ಕರೆಯದವರು ಊಟಕ್ಕೆ ನುಗ್ಗುತ್ತಾರಂತೆ, ಪಾತ್ರೆ ಪಗಡೆ ಹೋಗುತ್ತವಂತೆ. ಈ ಕಾರಣ ನಮ್ಮ ಕಡೆ ಬಹಳ ಹಾಲ್‌ಗಳಲ್ಲಿ ಕೇಳಿದ್ದೇನೆ. ನಾಲ್ಕು ಜನ ಪುಕ್ಕಟೆ ಊಟ ಮಾಡದಿರಲಿ ಅಂತ ಸಾವಿರ ಜನರನ್ನು ಒಳಗೆ ಕೂಡಿಹಾಕುವುದು ಎಂಥಾ ಲೆಕ್ಕ?

ಆಮೇಲೆ ನಾನು ಸುಮ್ಮನಿರಲಾಗದೆ ದೂರು ಕೊಡಲು ಹೊರಟೆ. ಒಂದು ಕಚೇರಿಯಲ್ಲಿ ಸಾಹೇಬರು ಕೂರಿಸಿ ಮಾತಾಡಿಸಿದರು. "ಅದು ಹೈರೈಸ್ ಅಲ್ರಿ, ನಮಗೆ ಬರಲ್ಲ. ಬೆಂಕಿ ಹತ್ತಿದಾಗ ಫೋನ್ ಮಾಡ್ರಿ, ಓಡಿ ಬರ್ತೀವಿ. ಹತ್ತೋಕಿಂತ ಮುಂಚೆ ನಮಗ ಅಧಿಕಾರ ಇಲ್ಲ" ಅಂದರು. ಪ್ರಾಮಾಣಿಕ ಮಾತು, ಅವರ ಮೇಲೆ ಸಿಟ್ಟಿಲ್ಲ. ಇನ್ನೊಂದು ಕಚೇರಿಗೆ ಹೋದೆ. ನಾವು ತೆರಿಗೆ ಮತ್ತು ವ್ಯಾಪಾರ ಪರವಾನಗಿ ನೋಡುವವರು, ಅದೂ ಅಲ್ಲದೆ ಆ ಹಾಲ್ ನಮ್ಮ ಎಲ್ಲೆಯಿಂದ ಆಚೆ ಇದೆ, ಪಂಚಾಯಿತಿಯಲ್ಲಿ ಕೇಳಿ ಅಂದರು. ಪಂಚಾಯಿತಿಯಲ್ಲಿ ಕೇಳಿದರೆ ಬೆಂಕಿ ಬಗ್ಗೆ ತಮ್ಮ ಫೈಲ್‌ನಲ್ಲಿ ಕಾಲಮ್ಮೇ ಇಲ್ಲ ಅಂದರು. ನಿಜವೇ ಇರಬೇಕು. ಕಾಲಮ್ ಇಲ್ಲದ್ದನ್ನು ಯಾರು ತುಂಬುತ್ತಾರೆ?

ಇದು ಆ ಒಂದು ಹಾಲ್‌ನ ಕಥೆಯಲ್ಲ. ನಮ್ಮ ಊರುಗಳ ಬೈಪಾಸ್ ರಸ್ತೆಗಳಲ್ಲಿ ಒಮ್ಮೆ ಓಡಾಡಿ ಬನ್ನಿ. ಹೊಸ ಹಾಲ್‌ಗಳೆಲ್ಲ ಊರಿನ ಎಲ್ಲೆ ಮುಗಿದ ತಕ್ಷಣ ಎದ್ದು ನಿಂತಿವೆ. ಜಮೀನು ಅಗ್ಗ, ಪಾರ್ಕಿಂಗ್‌ಗೆ ಜಾಗ ಜಾಸ್ತಿ, ಕೇಳುವವರು ಕಡಿಮೆ. ಒಂದೇ ರಸ್ತೆ, ಎಡಗಡೆ ಪಾಲಿಕೆ, ಬಲಗಡೆ ಗ್ರಾಮ ಪಂಚಾಯಿತಿ. ಎಡಗಡೆಯ ಮಾಲೀಕ ಒಂದು ಕಾಗದ ಮಾಡಿಸಬೇಕು, ಬಲಗಡೆಯವನು ಇನ್ನೊಂದು. ಅಂದರೆ ಗಡಿ ಆಂಧ್ರದ ಜೊತೆ ಮಾತ್ರ ಇಲ್ಲ, ನಮ್ಮ ಊರೊಳಗೇ ಒಂದಿದೆ.

ಇದಕ್ಕೆಲ್ಲ ಮೂಲ ಎಲ್ಲಿ ಅಂತ ನಾನು ತಿಳಿದವರನ್ನು ಕೇಳಿ ಒಂದಿಷ್ಟು ಓದಿಕೊಂಡೆ. ರಾಷ್ಟ್ರೀಯ ಕಟ್ಟಡ ಸಂಹಿತೆಯನ್ನು ಭಾರತೀಯ ಮಾನಕ ಬ್ಯೂರೋ ಹೊರಡಿಸುತ್ತದೆ. ಮೊದಲು ಬಂದದ್ದು 1970ರಲ್ಲಿ. ಅದರ ನಾಲ್ಕನೇ ಭಾಗ ಪೂರ್ತಿ ಬೆಂಕಿ ಮತ್ತು ಜೀವ ಸುರಕ್ಷತೆಗೆ ಮೀಸಲು. ಜನ ಸೇರುವ ಕಟ್ಟಡದ ಹೊರಬಾಗಿಲು 2 ಮೀಟರ್ ಅಗಲ ಇರಬೇಕು. ಒಳಗಿರುವವರು ಕೀ ಇಲ್ಲದೆ ಅದನ್ನು ತೆರೆಯುವ ಹಾಗಿರಬೇಕು. ಊಟದ ಹಾಲ್‌ನಲ್ಲಿ ಎಷ್ಟು ಜನ ಅಂತ ಲೆಕ್ಕ ಹಾಕಲು ತಲೆಗೆ 1.5 ಚದರ ಮೀಟರ್ ಹಿಡಿಯಬೇಕು. ಎಷ್ಟು ಸರಳ ನೋಡಿ. ಆದರೆ ಸಂಹಿತೆ ಬರೀ ಶಿಫಾರಸು. ರಾಜ್ಯವೋ ಸ್ಥಳೀಯ ಸಂಸ್ಥೆಯೋ ಅದನ್ನು ತನ್ನ ಬೈಲಾದಲ್ಲಿ ಸೇರಿಸಿಕೊಂಡರೆ ಮಾತ್ರ ಕಾನೂನಾಗುತ್ತದೆ. ಸಂವಿಧಾನದ 12ನೇ ಅನುಸೂಚಿಯಲ್ಲಿ ಅಗ್ನಿಶಾಮಕ ಸೇವೆ ನಗರ ಸ್ಥಳೀಯ ಸಂಸ್ಥೆಗಳ ಕೆಲಸಗಳ ಪಟ್ಟಿಯಲ್ಲಿದೆ. ನಮ್ಮಲ್ಲಿ ನಡೆಸುವುದು ನಿಮ್ಮ ಗೃಹ ಇಲಾಖೆ. ಹೀಗಾಗಿ ಒಂದೊಂದು ರಾಜ್ಯ ಒಂದೊಂದು ಥರ. ಆಂಧ್ರಕ್ಕೆ 1999ರ ಕಾಯ್ದೆ, ಮಹಾರಾಷ್ಟ್ರಕ್ಕೆ 2006ರದ್ದು, ಗುಜರಾತಿಗೆ 2013ರದ್ದು. ನಮ್ಮ ಮೂಲ ಕಾಯ್ದೆ 1964ರದ್ದು. ನಡುವೆ ತಿದ್ದುಪಡಿ ಆಗಿವೆ, ಇಲ್ಲ ಅನ್ನುವುದಿಲ್ಲ. ಆದರೆ 1964ರಲ್ಲಿ ನಮ್ಮ ಕಡೆ ಮದುವೆ ಮನೆ ಮುಂದೆ ಹಂದರ ಹಾಕಿ ಆಗುತ್ತಿತ್ತು. ಸುತ್ತ ನಾಲ್ಕು ಕಡೆ ಬಯಲು, ಹೊತ್ತಿಕೊಂಡರೂ ಎದ್ದು ನಡೆದರೆ ಸಾಕಾಗುತ್ತಿತ್ತು. ಎಸಿ ಹಾಲ್, ಫಾಲ್ಸ್ ಸೀಲಿಂಗ್, ಡಿಜೆ, ಎಲ್‌ಇಡಿ ಗೋಡೆ ಆಗ ಯಾರ ಕನಸಿನಲ್ಲೂ ಇರಲಿಲ್ಲ.

ರಾಜ್ಯಗಳಿಗೆ ಒಂದೇ ಅಳತೆ ಇರಲಿ ಅಂತ ಕೇಂದ್ರ ಗೃಹ ಸಚಿವಾಲಯ 2019ರಲ್ಲಿ ಮಾದರಿ ಮಸೂದೆ ಕಳಿಸಿತ್ತು. ಶಾಲೆಗಳ ವಿಷಯದಲ್ಲಂತೂ ಅಷ್ಟು ದಿನ ಕಾಯಲೂ ಇಲ್ಲ. 2004ರ ಜುಲೈಯಲ್ಲಿ ಕುಂಭಕೋಣದ ಶಾಲೆಯಲ್ಲಿ 94 ಮಕ್ಕಳು ಸುಟ್ಟುಹೋದ ಮೇಲೆ ಪ್ರಕರಣ ಸುಪ್ರೀಂ ಕೋರ್ಟ್‌ಗೆ ಹೋಗಿ, 2009ರಲ್ಲಿ ದೇಶದ ಎಲ್ಲಾ ಶಾಲೆಗಳಿಗೂ ಕಟ್ಟಡ ಸಂಹಿತೆ ಪಾಲಿಸಿ ಅಂತ ಆದೇಶ ಬಂತು. ಯಾವ ರಾಜ್ಯ, ಯಾವ ಪಂಚಾಯಿತಿ ಅಂತ ಕೋರ್ಟ್ ಕೇಳಲಿಲ್ಲ. ಅದೇ ಮಕ್ಕಳು ಭಾನುವಾರ ಮದುವೆಗೆ ಬಂದಾಗ ಯಾಕೆ ಬೇರೆ ಲೆಕ್ಕ?

ಮದುವೆ ಹಾಲ್‌ನಲ್ಲಿ ಅಂಥದ್ದೇನು ಆಗಿಬಿಡುತ್ತೆ ಅನ್ನುವವರು ಇದ್ದಾರೆ. ನಮ್ಮ ಕಸುಬಿನವರು ಮರೆಯಬಾರದ ಒಂದು ಊರು ಹರಿಯಾಣದ ಡಬ್ವಾಲಿ. 1995ರ ಡಿಸೆಂಬರ್ 23. ಒಂದು ಮದುವೆ ಹಾಲ್‌ನ ಆವರಣದಲ್ಲಿ ಶಾಮಿಯಾನ ಹಾಕಿ ಶಾಲೆಯ ವಾರ್ಷಿಕೋತ್ಸವ ನಡೆಸುತ್ತಿದ್ದರು. ಸಿಂಥೆಟಿಕ್ ಬಟ್ಟೆಗೆ ಕರೆಂಟಿನ ಕಿಡಿ ತಾಗಿತು. ಉರಿಯುವ ಬಟ್ಟೆ ಜನರ ಮೇಲೆ ಬಿತ್ತು. 400ಕ್ಕೂ ಹೆಚ್ಚು ಜನ ಸತ್ತರು, ಬಹಳಷ್ಟು ಮಕ್ಕಳು. 2004ರ ಜನವರಿ 23ರಂದು ತಮಿಳುನಾಡಿನ ಶ್ರೀರಂಗದ ಮದುವೆ ಹಾಲ್‌ನಲ್ಲಿ ಬೆಂಕಿ ಹೊತ್ತಿ 50ಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಮದುಮಗನೂ ಇದ್ದ. ಇನ್ನು 2023ರ ಸೆಪ್ಟೆಂಬರ್‌ನಲ್ಲಿ ಇರಾಕಿನ ಹಮ್ದಾನಿಯಾ ಅನ್ನುವ ಊರಿನಲ್ಲಿ ಮದುವೆ ಹಾಲ್ ಒಳಗೆ ಹಚ್ಚಿದ ಕಿಡಿಮದ್ದು ಸೀಲಿಂಗ್‌ನ ಅಲಂಕಾರಕ್ಕೆ ತಾಗಿ 100ಕ್ಕೂ ಹೆಚ್ಚು ಜನ ಹೋದರು. ನಮ್ಮ ಜಿಲ್ಲೆಯ ಆ ರಿಸೆಪ್ಷನ್‌ನಲ್ಲಿ ಆದದ್ದು ಇದೇ. ಬಟ್ಟೆ ಎಳೆಯಲು ಬೊಂಬು ಕೈಗೆ ಸಿಕ್ಕಿತು, ಅಷ್ಟೇ ವ್ಯತ್ಯಾಸ.

ಶಾಮಿಯಾನಕ್ಕೂ ಒಂದು ಮಾನಕ ಇದೆ ಅಂತ ನಮ್ಮ ಕಸುಬಿನ ಎಷ್ಟೋ ಜನಕ್ಕೆ ಗೊತ್ತಿಲ್ಲ. ಐಎಸ್ 8758. ಪೆಂಡಾಲ್‌ನ ಚಾವಣಿ 3 ಮೀಟರಿಗಿಂತ ಕೆಳಗೆ ಬರಬಾರದು, ಸುತ್ತ 3 ಮೀಟರ್ ಜಾಗ ಬಿಡಬೇಕು, ಕರೆಂಟ್ ತಂತಿ ಕೆಳಗೆ ಹಾಕಬಾರದು, ಸಿಂಥೆಟಿಕ್ ಬಟ್ಟೆ, ಸಿಂಥೆಟಿಕ್ ಹಗ್ಗ ಬಳಸಬಾರದು. ಹತ್ತಿ ಬಟ್ಟೆಯನ್ನು ಬೊರಾಕ್ಸ್, ಬೋರಿಕ್ ಆಸಿಡ್ ಕಲಸಿದ ನೀರಿನಲ್ಲಿ ಅದ್ದಿ ಒಣಗಿಸಿದರೆ ಬೇಗ ಹೊತ್ತುವುದಿಲ್ಲ. ಒಮ್ಮೆ ಒಗೆದರೆ ಔಷಧ ಹೋಗುತ್ತದೆ, ಮತ್ತೆ ಅದ್ದಬೇಕು. ಕೆಲಸ ಜಾಸ್ತಿ, ಖರ್ಚೂ ಜಾಸ್ತಿ. ಈಗ ನನ್ನ ಕಷ್ಟ ಕೇಳಿ. ನಾನು ಇಷ್ಟೆಲ್ಲಾ ಮಾಡಿ ಕೊಟೇಷನ್ ಕೊಟ್ಟರೆ, ಪಕ್ಕದವನು ಸೂರತ್‌ನಿಂದ ತರಿಸಿದ ಹೊಳೆಯುವ ಪಾಲಿಸ್ಟರ್ ಕಟ್ಟಿ ಅರ್ಧ ರೇಟ್‌ಗೆ ಮಾಡಿಕೊಡುತ್ತಾನೆ. ಮದುವೆ ಮನೆಯವರು ಯಾರಿಗೆ ಕೊಡುತ್ತಾರೆ? ಬಟ್ಟೆ ಹೊತ್ತುತ್ತಾ ಅಂತ ಯಾವ ಬೀಗರೂ ಕೇಳಲ್ಲ. ಫೋಟೋದಲ್ಲಿ ಹೊಳೀಬೇಕು, ಅಷ್ಟೇ.

ಗಡಿಯಾಚೆ ಒಂದು ಹಾಲ್‌ನಲ್ಲಿ ನನಗೆ ಬೇರೆ ಅನುಭವ ಆಯಿತು. ಏಣಿ ಇಳಿಸುತ್ತಿದ್ದ ಹಾಗೇ ಮ್ಯಾನೇಜರ್ ಬಂದು, ಅಣ್ಣಾ, ಈ ಎರಡು ಬಾಗಿಲಿಗೆ ಬಟ್ಟೆ ಅಡ್ಡ ಬರಬಾರದು, ಈ ಪೈಪ್‌ಗೆ ಏನೂ ಕಟ್ಟಬೇಡಿ, ರಿನ್ಯೂವಲ್‌ಗೆ ಬಂದಾಗ ಫೋಟೋ ತೆಗೀತಾರೆ ಅಂದ. ಅವನಿಗೆ ಜನರ ಜೀವದ ಮೇಲೆ ನಮಗಿಂತ ಹೆಚ್ಚು ಪ್ರೀತಿ ಇದೆ ಅಂತ ನಾನು ನಂಬಲ್ಲ. ಕಾಗದ ಹೋದೀತು ಅನ್ನುವ ಹೆದರಿಕೆ. ಆ ಹೆದರಿಕೆ ಸಾಕು. ಬಾಗಿಲು ತೆರೆದಿತ್ತು.

ಆ ಕಡೆ ಎಲ್ಲಾ ಸ್ವರ್ಗ ಅಂತ ಹೇಳಲು ನಾನು ಬಂದಿಲ್ಲ. ಅದೇ ಕಾಯ್ದೆ ಇರುವ ತೆಲಂಗಾಣದಲ್ಲೇ 2022ರಲ್ಲಿ ಸಿಕಂದರಾಬಾದ್‌ನ ಹೋಟೆಲ್ ಒಂದರ ಕೆಳಗೆ ಎಲೆಕ್ಟ್ರಿಕ್ ಸ್ಕೂಟರ್ ಶೋರೂಮ್ ಹೊತ್ತಿ 8 ಜನ ಸತ್ತರು. 2025ರ ಮೇ ತಿಂಗಳಲ್ಲಿ ಹೈದರಾಬಾದಿನ ಗುಲ್ಜಾರ್ ಹೌಸ್ ಹತ್ತಿರ ಒಂದೇ ಮನೆಯಲ್ಲಿ 17 ಜನ ಹೋದರು. ಕಾನೂನು ಇದ್ದ ಮಾತ್ರಕ್ಕೆ ಬೆಂಕಿ ಹೆದರುವುದಿಲ್ಲ. ಲಂಚ ಕೊಟ್ಟು ಎನ್‌ಒಸಿ ತರುವವರು ಎಲ್ಲಾ ಕಡೆ ಇದ್ದಾರೆ, ನನಗೂ ಗೊತ್ತು. ಆದರೂ ಕಾನೂನಿದ್ದರೆ ಕೇಳಲು ಒಂದು ಬಾಗಿಲಾದರೂ ಇರುತ್ತದೆ. ನಾನು ಓಡಾಡಿದಾಗ ನನಗೆ ಸಿಗದೇ ಹೋದದ್ದು ಅದೇ.

ಹಾಲ್ ಮಾಲೀಕರ ಮಾತನ್ನೂ ಹೇಳಬೇಕು. ಅವರಲ್ಲಿ ಕೆಲವರು ನನ್ನ ಗೆಳೆಯರು, ಈ ಪತ್ರ ಓದಿ ಬೈಯ್ಯುತ್ತಾರೆ. ಎನ್‌ಒಸಿ ಅಂದರೆ ಬೆಂಗಳೂರಿಗೆ ಅಲೆದಾಟ, ನೀರಿನ ತೊಟ್ಟಿ, ಪಂಪು, ಪೈಪು, ಲಕ್ಷಗಟ್ಟಲೆ ಖರ್ಚು ಅನ್ನುತ್ತಾರೆ. ಅವರ ಸಂಕಟ ಸುಳ್ಳಲ್ಲ. ಮುಹೂರ್ತ ಇರುವ ಕೆಲವು ತಿಂಗಳ ದುಡಿಮೆಯಲ್ಲಿ ವರ್ಷ ಪೂರ್ತಿ ಬ್ಯಾಂಕ್ ಕಂತು ಕಟ್ಟಬೇಕು. ಅದಕ್ಕೇ ನಾನು ಕೇಳುವುದು, ಎಲ್ಲವನ್ನೂ ಒಂದೇ ದಿನ ಹೇರಬೇಡಿ. ಬಾಗಿಲಿನ ಬೀಗ ತೆಗೆಯಲು ಲಕ್ಷ ಬೇಡ. ಹೊರಗೆ ಹೋಗುವ ದಾರಿಗೆ ಹಸಿರು ಬೋರ್ಡ್ ಹಾಕಲು, ಸಿಲಿಂಡರ್ ತುಂಬಿಸಲು, ಅಡುಗೆಮನೆಯ 19 ಕೆಜಿ ಗ್ಯಾಸ್ ಸಿಲಿಂಡರ್‌ಗಳನ್ನು ಮೆಟ್ಟಿಲ ಕೆಳಗಿನಿಂದ ಹೊರಗೆ ಇಡಲು ಒಂದು ಮುಹೂರ್ತದ ಬಾಡಿಗೆಯೂ ಬೇಕಾಗಲಿಕ್ಕಿಲ್ಲ. ಬೆಳಿಗ್ಗೆ ವಗ್ಗಾಣಿ, ಮಿರ್ಚಿಗೆ ಎಣ್ಣೆ ಬಾಣಲೆ ಏರಿಸುವ ಜಾಗದ ತಲೆ ಮೇಲೇ ಮುಹೂರ್ತದ ಹಾಲ್ ಇರುತ್ತದೆ. ಇವೆರಡರ ನಡುವೆ ಒಂದು ಗಟ್ಟಿ ಬಾಗಿಲು ಇದ್ದರೂ ಎಷ್ಟೋ ಆದೀತು.

ಹಾಲ್‌ಗಳ ಮಾತು ಬಿಟ್ಟರೂ ಇದೇ ರೋಗ ನಮ್ಮಲ್ಲಿ ಬೇರೆ ಕಡೆಯೂ ಇದೆ. ಬಳ್ಳಾರಿಯ ಜೀನ್ಸ್ ಕೆಲಸ ಎಷ್ಟೋ ಮನೆಗಳ ಒಳಗೇ ನಡೆಯುತ್ತದೆ. ಮೆಷಿನ್ ಪಕ್ಕ ಚಿಂದಿ ಮೂಟೆ, ಮೂಟೆ ಪಕ್ಕ ತೊಟ್ಟಿಲು. ಕರೆಂಟ್ ಬಳಸಿ 10 ಜನ ದುಡಿಯುವ ಕಡೆ ಹಳೆಯ ಕಾರ್ಖಾನೆ ಕಾಯ್ದೆ ಅನ್ವಯವಾಗುತ್ತಿತ್ತು. ಹೊಸ ಕಾರ್ಮಿಕ ಸಂಹಿತೆಯಲ್ಲಿ ಅದು 20 ಆಯಿತು. ನಡುವಿನವರ ಬೆಂಕಿ ಯಾರ ಲೆಕ್ಕ? ದೆಹಲಿಯ ಅನಾಜ್ ಮಂಡಿಯಲ್ಲಿ 2019ರ ಡಿಸೆಂಬರ್‌ನಲ್ಲಿ 43 ಜನ ಸತ್ತದ್ದು ಇಂಥ ಮನೆಯೊಳಗಿನ ಕಾರ್ಖಾನೆಯಲ್ಲೇ. ರಾಯಚೂರಿನ ಹತ್ತಿ ಗಿರಣಿಗಳ ಕಥೆ ಸೀಸನ್ ಬಂದಾಗ ಪೇಪರ್‌ನಲ್ಲಿ ಓದುತ್ತಲೇ ಇರುತ್ತೇವೆ. ಅವರ ಕಷ್ಟ ಅವರೇ ಬರೆದರೆ ಚೆಂದ, ನಾನು ನನ್ನ ಕಸುಬಿಗೆ ವಾಪಸ್ಸಾಗುತ್ತೇನೆ.

ಒಂದು ವಿಷಯ ಮಾತ್ರ ಎಲ್ಲರಿಗೂ ಸೇರಿದ್ದು. ಗಡಿ ಊರುಗಳಲ್ಲಿ ಮೊಬೈಲ್‌ಗೆ ಆ ಕಡೆಯ ಟವರ್ ಸಿಗುತ್ತದೆ. ಬಣವೆ ಹೊತ್ತಿತು ಅಂತ ಫೋನ್ ಮಾಡಿದರೆ ಆ ರಾಜ್ಯದ ಕಂಟ್ರೋಲ್ ರೂಮಿನಲ್ಲಿ ತೆಲುಗಿನಲ್ಲಿ ಎತ್ತುತ್ತಾರೆ. ಯಾವ ಮಂಡಲ ಅಂತ ಕೇಳುತ್ತಾರೆ. ನಮ್ಮವನು ಹೋಬಳಿ ಹೇಳುತ್ತಾನೆ. ಇಷ್ಟು ಮಾತು ಮುಗಿಯುವುದರೊಳಗೆ ಬಣವೆ ಬೂದಿ. ಹತ್ತಿರದ ಠಾಣೆಯ ಗಾಡಿ ರಾಜ್ಯ ನೋಡದೆ ಹೊರಡುವ ಒಪ್ಪಂದ ಇದ್ದರೆ ಎಷ್ಟು ಚೆನ್ನ. 1904ರ ಫೆಬ್ರವರಿಯಲ್ಲಿ ಅಮೆರಿಕದ ಬಾಲ್ಟಿಮೋರ್ ಊರು ಹೊತ್ತಿದಾಗ ವಾಷಿಂಗ್ಟನ್, ಫಿಲಡೆಲ್ಫಿಯಾ, ನ್ಯೂಯಾರ್ಕಿನಿಂದ ಬೆಂಕಿ ಗಾಡಿಗಳು ಓಡಿ ಬಂದವು. ಒಂದೊಂದು ಊರಿನ ಪೈಪಿನ ಜೋಡಣೆ ಒಂದೊಂದು ಅಳತೆ. ಬಹಳಷ್ಟು ಬಾಲ್ಟಿಮೋರಿನ ನಲ್ಲಿಗೆ ಕೂರಲೇ ಇಲ್ಲ. 1500ಕ್ಕೂ ಹೆಚ್ಚು ಕಟ್ಟಡ ಸುಟ್ಟವು. ಆಮೇಲೆ ದೇಶಕ್ಕೆಲ್ಲ ಒಂದೇ ಅಳತೆ ಇರಲಿ ಅಂತ ಮಾನಕ ಗೊತ್ತುಮಾಡಿದರು. ನಮ್ಮ ಪೈಪುಗಳಿಗೆ ಭಾರತೀಯ ಮಾನಕ ಇದೆ, ಆಂಧ್ರದ ಪೈಪು ನಮ್ಮ ಗಾಡಿಗೆ ಕೂರುತ್ತದೆ. ಕೂರದೇ ಇರುವುದು ಕಾಗದಪತ್ರ.

ಒಂದೇ ದೇಶದಲ್ಲಿ ಬೇರೆ ಬೇರೆ ನಿಯಮ ಇರುವುದು ನಮ್ಮಲ್ಲಿ ಮಾತ್ರವೂ ಅಲ್ಲ. ಬ್ರಿಟನ್ನಿನ ವೇಲ್ಸ್‌ನಲ್ಲಿ 2016ರಿಂದ ಕಟ್ಟುವ ಪ್ರತಿ ಹೊಸ ಮನೆಗೂ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಬೇಕು. ಪಕ್ಕದ ಇಂಗ್ಲೆಂಡಿನಲ್ಲಿ ಆಗ 30 ಮೀಟರ್ ದಾಟಿದ ಹೊಸ ಫ್ಲ್ಯಾಟ್ ಕಟ್ಟಡಕ್ಕೆ ಮಾತ್ರ. 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ 72 ಜನ ಸತ್ತ ಮೇಲೆ 2020ರಲ್ಲಿ ಇಂಗ್ಲೆಂಡ್ ಆ 30ನ್ನು 11ಕ್ಕೆ ಇಳಿಸಿತು. ಅವರು ಇಳಿಸಿದರು, ನಾವು 15ರಿಂದ 21ಕ್ಕೆ ಏರಿಸಿದೆವು.

ಮಾನ್ಯರೇ, ನಾನು ಕೇಳುವುದು ಇಷ್ಟು. ಮದುವೆ ಹಾಲ್, ಕಲ್ಯಾಣ ಮಂಟಪ, ಸಮುದಾಯ ಭವನ, ಇವಕ್ಕೆ ಎತ್ತರದ ಲೆಕ್ಕ ಬಿಟ್ಟು ಜನರ ಲೆಕ್ಕ ತನ್ನಿ. ಆಂಧ್ರದ 500 ಚದರ ಮೀಟರ್, 6 ಮೀಟರ್ ಅನ್ನುವ ಸಾಲು ಬರೆದು ಸಿದ್ಧವಾಗಿಯೇ ಇದೆ, ಅದನ್ನೇ ತೆಗೆದುಕೊಂಡರೂ ಸರಿ. ಅದು ಪಾಲಿಕೆ, ಪುರಸಭೆ, ಗ್ರಾಮ ಪಂಚಾಯಿತಿ ಮೂರಕ್ಕೂ ಒಂದೇ ಥರ ಅನ್ವಯ ಆಗಲಿ. ಕಟ್ಟಡಕ್ಕೆ ಲೈಸೆನ್ಸ್ ಕೊಡುವವರು ಯಾರೇ ಇರಲಿ, ಬೆಂಕಿಗೆ ಉತ್ತರ ಹೇಳುವವರು ಒಬ್ಬರೇ ಇರಲಿ. ಆ ಅಧಿಕಾರವನ್ನು ತಾಲ್ಲೂಕಿನ ಅಗ್ನಿಶಾಮಕ ಠಾಣಾಧಿಕಾರಿಗೆ ಕೊಟ್ಟರೆ ಮಾಲೀಕರ ಬೆಂಗಳೂರು ಅಲೆದಾಟವೂ ತಪ್ಪುತ್ತದೆ. ಮಹಾರಾಷ್ಟ್ರದಲ್ಲಿ ಮಾಲೀಕರು ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈನಲ್ಲಿ, ಲೈಸೆನ್ಸ್ ಇರುವ ಏಜೆನ್ಸಿಯಿಂದ ಎಲ್ಲಾ ಸರಿ ಇದೆ ಅಂತ ಪ್ರಮಾಣಪತ್ರ ಕೊಡಬೇಕು. ಅಂಥದ್ದು ಇಲ್ಲೂ ಬರಲಿ. ಪ್ರತಿ ಹಾಲ್‌ನ ಮುಂಬಾಗಿಲಲ್ಲಿ ಒಂದು ಬೋರ್ಡ್ ಇರಲಿ: ಒಳಗೆ ಎಷ್ಟು ಜನ, ಬಾಗಿಲು ಎಷ್ಟು, ಪ್ರಮಾಣಪತ್ರ ಯಾವ ತಾರೀಖಿನ ತನಕ. ಹಾಲ್ ಬುಕ್ ಮಾಡುವ ಅಪ್ಪಂದಿರು ಎಸಿ ಇದೆಯಾ, ಲಿಫ್ಟ್ ಇದೆಯಾ ಅಂತ ಕೇಳುವ ಜೊತೆಗೆ ಅದನ್ನೂ ಓದಲಿ.

ಶಾಮಿಯಾನ, ಡೆಕೋರೇಷನ್‌ನವರಿಗೂ ನಿಯಮ ಹಾಕಿ. ನಾನೇ ಕೇಳುತ್ತಿದ್ದೇನೆ. ಐಎಸ್ 8758 ಎಲ್ಲರಿಗೂ ಕಡ್ಡಾಯ ಆದರೆ ರೇಟ್ ಎಲ್ಲರದೂ ಒಂದೇ ಸಮ ಏರುತ್ತದೆ, ಸರಿಯಾಗಿ ಮಾಡುವವನಿಗೆ ನಷ್ಟ ಆಗುವುದಿಲ್ಲ. ಹಾಲ್ ಒಳಗೆ ಕಿಡಿ ಮಷಿನ್ ಪೂರ್ತಿ ನಿಲ್ಲಿಸಿ. ಮದುಮಕ್ಕಳಿಗೆ ಬೇಸರ ಆಗಬಹುದು, ಹೂವು ಹಾಕೋಣ.

ದುಡ್ಡಿನ ಮಾತು ಬಂದರೆ, ಸಂವಿಧಾನದ 371ಜೆ ವಿಧಿಯ ಅಡಿಯಲ್ಲಿ ನಮ್ಮ ಭಾಗಕ್ಕೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಸಮುದಾಯ ಭವನ ಕಟ್ಟಲು ಸರ್ಕಾರದ ಅನುದಾನ ಸಿಗುತ್ತದೆ ಅಂದಮೇಲೆ ಆ ಭವನಕ್ಕೆ ಎರಡನೇ ಬಾಗಿಲು ಇಡಲೂ ಸಿಗಬೇಕಲ್ವಾ? ಗಡಿ ತಾಲ್ಲೂಕುಗಳ ಠಾಣೆಗಳಿಗೆ ಗಾಡಿ, ಸಿಬ್ಬಂದಿ ಕೊಡಿ. ಕರ್ನೂಲು, ಅನಂತಪುರ, ಗದ್ವಾಲ, ನಾರಾಯಣಪೇಟೆ ಕಡೆಯ ಅಧಿಕಾರಿಗಳ ಜೊತೆ ನಮ್ಮ ಜಿಲ್ಲಾಧಿಕಾರಿಗಳು ಕೂತು, ಕರೆ ಯಾರಿಗೆ ಬಂದರೂ ಹತ್ತಿರದ ಗಾಡಿ ಹೊರಡಲಿ ಅಂತ ಒಂದು ಕಾಗದ ಮಾಡಿಕೊಳ್ಳಲಿ. ಇದಕ್ಕೆ ಕಾಯ್ದೆ ತಿದ್ದಬೇಕಾಗಿಲ್ಲ, ಮನಸ್ಸು ಮಾಡಿದರೆ ಒಂದು ಸಭೆಯಲ್ಲಿ ಮುಗಿಯುತ್ತದೆ.

ಕಾಯ್ದೆ ತಿದ್ದುಪಡಿಗೆ ಸಮಯ ಹಿಡಿಯುತ್ತದೆ ಅಂತ ಗೊತ್ತು. ಅಲ್ಲಿಯ ತನಕ ಒಂದು ಸುತ್ತೋಲೆ ಸಾಕು: ಕಾರ್ಯಕ್ರಮ ನಡೆಯುವ ಹೊತ್ತಿನಲ್ಲಿ ಯಾವ ಹಾಲ್‌ನ ಯಾವ ಬಾಗಿಲಿಗೂ ಬೀಗ ಇರಕೂಡದು, ಇದ್ದರೆ ಪೊಲೀಸರು ಬಂದು ತೆಗೆಸಬಹುದು. ತುಳಸಿ ಹಬ್ಬ ಮುಗಿಯುತ್ತಿದ್ದ ಹಾಗೇ ನಮ್ಮ ಕಡೆ ಮುಹೂರ್ತಗಳು ಶುರುವಾಗುತ್ತವೆ. ಆ ಸುತ್ತೋಲೆ ಅದಕ್ಕಿಂತ ಮುಂಚೆ ನಮ್ಮ ತಾಲ್ಲೂಕು ಕಚೇರಿ ತಲುಪುವ ಹಾಗೆ ದಯವಿಟ್ಟು ನೋಡಿಕೊಳ್ಳಿ.

ಇಂತಿ ತಮ್ಮ ವಿಶ್ವಾಸಿ,
ಬಳ್ಳಾರಿಯ ಒಬ್ಬ ಶಾಮಿಯಾನ ಕಂಟ್ರಾಕ್ಟರ್